ನೇತ್ರಾಣಿ ಹವಳ ಎಷ್ಟು ಪೆಟ್ಟು ತಡೀತದೆ? ಮಲಪ್ರಭಾ ನೆರೆ ಕಂಡವರಿಗೆ ಇದು ಗೊತ್ತಿರೋ ಲೆಕ್ಕ

ಬಾಗಲಕೋಟೆ: ಡಿಸೆಂಬರ್ ಬಂತಂದ್ರೆ ನಮ್ಮ ಜಿಲ್ಲೆಯ ಅರ್ಧ ಶಾಲೆಗಳ ಬಸ್ಸು ಗೋಕರ್ಣ, ಮುರುಡೇಶ್ವರ, ಜೋಗದ ಕಡೆ ಹೊರಡ್ತವೆ. ಮಕ್ಕಳು ಶಿವನ ಮೂರ್ತಿ ಮುಂದೆ ಫೋಟೋ ತೆಗೆಸಿಕೊಂಡು, ಸಮುದ್ರದಾಗ ಮೊಣಕಾಲತನಕ ಇಳಿದು ಬರ್ತಾರೆ. ಆದ್ರೆ ಈಗ ಕೆಲ ವರ್ಷಗಳಿಂದ ಬಾಗಲಕೋಟೆ, ಇಳಕಲ್ ಹುಡುಗರು ಅಲ್ಲಿಗೇ ನಿಲ್ಲೋದಿಲ್ಲ. ಬೋಟ್ ಹತ್ತಿ ಇನ್ನೂ ಮುಂದೆ, ನೇತ್ರಾಣಿ ನಡುಗಡ್ಡೆಗೆ ಹೋಗಿ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ನೀರಿಗೆ ಇಳಿತಾರೆ. ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ವಿಡಿಯೋ ಬೀಳ್ತದೆ. 2022ರ ಅಕ್ಟೋಬರ್‌ನಲ್ಲಿ ಬಂದ ‘ಗಂಧದ ಗುಡಿ’ಯಲ್ಲಿ ಅಪ್ಪು ಅಲ್ಲಿನ ನೀರಿನ ಕೆಳಗೆ ಇಳಿದಿದ್ದನ್ನ ನೋಡಿದ ಮೇಲಂತೂ ನೇತ್ರಾಣಿ ಹೆಸರು ನಮ್ಮ ಕಡೆ ಹಳ್ಳಿ ಹಳ್ಳಿಗೂ ಗೊತ್ತಾಯ್ತು.

ಆ ವಿಡಿಯೋದಲ್ಲಿ ಮೀನಿನ ಹಿಂದೆ ಕಲ್ಲಿನಂಗೆ, ಗಿಡದಂಗೆ ಕಾಣ್ತದಲ್ಲ, ಅದೇ ಹವಳ. ಅದು ಕಲ್ಲೂ ಅಲ್ಲ, ಗಿಡವೂ ಅಲ್ಲ, ಜೀವಂತ ಪ್ರಾಣಿ. ಬಿರುಗಾಳಿ, ಬಿಸಿಲು, ಬಲೆ, ಲಂಗರು, ಮನುಷ್ಯರ ಕಾಲು ಎಲ್ಲವನ್ನೂ ತಡಕೊಂಡು ಅದು ನಿಂತಿದೆ. ಎಷ್ಟು ಪೆಟ್ಟು ತಡೀತದೆ, ಯಾವ ಪೆಟ್ಟಿಗೆ ಏಳೋದಿಲ್ಲ ಅನ್ನೋದೇ ಈ ಬರಹದ ವಿಷಯ. ಸಮುದ್ರ ಇಲ್ಲದ ಜಿಲ್ಲೆಯವರಿಗೆ ಇದ್ಯಾಕೆ ಅಂತ ಕೇಳಬ್ಯಾಡ್ರಿ, ಮುಂದೆ ಓದ್ತಾ ಹೋದಂಗೆ ನಮ್ಮ ಲೋಕಾಪುರದ ಕಲ್ಲೂ ಇದರೊಳಗೆ ಬರ್ತದೆ.

ಅಲ್ಲೇ ಯಾಕೆ ಹವಳ?

ಮುರುಡೇಶ್ವರದ ದಂಡೆಯಿಂದ ಸುಮಾರು 19 ಕಿ.ಮೀ. ದೂರದಲ್ಲಿ ನೇತ್ರಾಣಿ ಇದೆ. ಭಟ್ಕಳ ತಾಲ್ಲೂಕು. ಮೇಲಿಂದ ನೋಡಿದರೆ ಹೃದಯದ ಆಕಾರ. ಬ್ರಿಟಿಷರ ನಕಾಶೆಯಲ್ಲಿ ಇದಕ್ಕೆ ಪಿಜನ್ ಐಲ್ಯಾಂಡ್ ಅಂತ ಹೆಸರು, ಅಂದ್ರೆ ಪಾರಿವಾಳದ ದ್ವೀಪ. ಮೀನುಗಾರರು ಇಲ್ಲಿನ ಜಟ್ಟಿಗ ದೇವರಿಗೆ ನಡ್ಕೊಳ್ತಾರೆ.

ನಮ್ಮ ರಾಜ್ಯಕ್ಕೆ 300 ಕಿ.ಮೀ.ಗೂ ಹೆಚ್ಚು ಸಮುದ್ರ ದಂಡೆ ಇದ್ದರೂ ಹವಳ ಎಲ್ಲಾ ಕಡೆ ಇಲ್ಲ. ಕಾರಣ ಸರಳ. ಹವಳಕ್ಕೆ ತಿಳಿನೀರು ಬೇಕು, ಬಿಸಿಲು ತಳಕ್ಕೆ ಮುಟ್ಟಬೇಕು, ಉಪ್ಪು ಹದವಾಗಿರಬೇಕು. ಮಳೆಗಾಲದಲ್ಲಿ ಶರಾವತಿ, ಅಘನಾಶಿನಿ, ಕಾಳಿ ನದಿಗಳು ಘಟ್ಟದ ಕೆಂಪು ಮಣ್ಣನ್ನ ತಂದು ಸಮುದ್ರಕ್ಕೆ ಸುರೀತವೆ. ದಂಡೆಯ ಹತ್ತಿರ ನೀರೆಲ್ಲ ರಾಡಿ. ಅಂಥಲ್ಲಿ ಹವಳಕ್ಕೆ ಉಸಿರು ಕಟ್ಟಿದಂಗಾಗುತ್ತದೆ. ನೇತ್ರಾಣಿ ದೂರ ಇರೋದಕ್ಕೇ ಅಲ್ಲಿ ನೀರು ತಿಳಿ. ಕೊಚ್ಚಿಯಲ್ಲಿ ಮುಖ್ಯ ಕಚೇರಿ ಇರುವ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇಲ್ಲಿ ಇಳಿದು ಮೀನು, ಹವಳದ ಜಾತಿಗಳ ಪಟ್ಟಿ ಮಾಡಿದ್ದಾರೆ.

ದೇಶದಲ್ಲಿ ದೊಡ್ಡ ಹವಳದ ದಿಬ್ಬಗಳು ಅಂದ್ರೆ ಲಕ್ಷದ್ವೀಪ, ಅಂಡಮಾನ್-ನಿಕೋಬಾರ್, ರಾಮೇಶ್ವರದ ಪಕ್ಕದ ಮನ್ನಾರ್ ಕೊಲ್ಲಿ, ಗುಜರಾತಿನ ಕಛ್ ಕೊಲ್ಲಿ. ಅವುಗಳ ಮುಂದೆ ನೇತ್ರಾಣಿ ಒಂದು ಸಣ್ಣ ತುಣುಕು. ಸಣ್ಣದು ಅನ್ನೋದೇ ಅದರ ಕಷ್ಟ.

ಪಾಲಿಗೆ ಹೊಲ ಮಾಡಿದಂಗೆ

ಹವಳ ಅಂದ್ರೆ ಸಣ್ಣ ಸಣ್ಣ ಮೆತ್ತನ ಹುಳಗಳ ದೊಡ್ಡ ಸಂಸಾರ. ಇವಕ್ಕೆ ಪಾಲಿಪ್ ಅಂತಾರೆ. ಒಂದೊಂದು ಪಾಲಿಪ್ ಹೆಚ್ಚಿನ ಜಾತಿಗಳಲ್ಲಿ ಕೆಲವೇ ಮಿಲಿಮೀಟರ್. ಇವು ಸಮುದ್ರದ ನೀರಿನಿಂದ ಸುಣ್ಣ ತಗೊಂಡು ತಮ್ಮ ಕೆಳಗೆ ಗಟ್ಟಿ ಮನೆ ಕಟ್ಟಿಕೊಳ್ತವೆ. ತಲೆಮಾರು ಮೇಲೆ ತಲೆಮಾರು ಕಟ್ಟುತ್ತ ಹೋಗಿ ದಿಬ್ಬ ಆಗ್ತದೆ.

ಹುಳದ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರ್ತದೆ. ನಮ್ಮ ಕಡೆ ಪಾಲಿಗೆ ಹೊಲ ಮಾಡ್ತಾರಲ್ಲ, ಅದೇ ವ್ಯವಹಾರ ಇದು. ಹುಳ ಜಾಗ ಕೊಡ್ತದೆ, ತನ್ನ ಹೊಲಸನ್ನೇ ಗೊಬ್ಬರವಾಗಿ ಕೊಡ್ತದೆ. ಪಾಚಿ ಬಿಸಿಲು ಹಿಡಿದು ಸಕ್ಕರೆ ಮಾಡ್ತದೆ. ಹವಳಕ್ಕೆ ಬೇಕಾದ ಶಕ್ತಿಯಲ್ಲಿ ಶೇ 90ರಷ್ಟು ತನಕ ಈ ಪಾಚಿಯಿಂದಲೇ ಬರ್ತದೆ. ಹವಳದ ಬಣ್ಣ ಬಹುಪಾಲು ಈ ಪಾಚಿಯದೇ.

ನೀರು ಬಿಸಿಯಾದರೆ ಈ ಪಾಲುದಾರಿಕೆ ಮುರಿದು ಬೀಳ್ತದೆ. ಆ ಜಾಗದ ಬ್ಯಾಸಿಗೆಯ ಗರಿಷ್ಠ ಸರಾಸರಿಗಿಂತ ಬರೇ 1 ಡಿಗ್ರಿ ಸೆಲ್ಸಿಯಸ್ ಹೆಚ್ಚಾಗಿ ನಾಲ್ಕಾರು ವಾರ ಹಂಗೇ ನಿಂತರೆ ಸಾಕು. ಪಾಚಿ ವಿಷ ಬಿಡಲು ಶುರು ಮಾಡ್ತದೆ, ಹುಳ ಅದನ್ನ ಹೊರಗೆ ಹಾಕ್ತದೆ. ಆಗ ಕೆಳಗಿನ ಬಿಳಿ ಸುಣ್ಣ ಕಾಣ್ತದೆ. ಇದಕ್ಕೇ ಬ್ಲೀಚಿಂಗ್, ಬಿಳಿಚಿಕೊಳ್ಳೋದು ಅಂತಾರೆ. ನಮಗೆ ಏಪ್ರಿಲ್‌ನಾಗ 40ರ ಬದಲು 41 ಡಿಗ್ರಿ ಆದರೆ ಏನೂ ಅನ್ನಿಸೋದಿಲ್ಲ. ಹವಳಕ್ಕೆ ಆ ಒಂದೇ ಡಿಗ್ರಿ ಸಾವು-ಬದುಕಿನ ಮಾತು.

ಬಿಳಿಚಿಕೊಂಡ ಕೂಡಲೇ ಹವಳ ಸತ್ತಿಲ್ಲ. ಉಪವಾಸ ಬಿದ್ದಿರ್ತದೆ ಅಷ್ಟೆ. ಕೆಲವು ವಾರದೊಳಗೆ ನೀರು ತಂಪಾದರೆ ಪಾಚಿ ಮತ್ತೆ ಬೆಳೀತದೆ. ಕೆಲವು ಹವಳಗಳು ಬಿಸಿ ತಡಿಯೋ ಬೇರೆ ಜಾತಿ ಪಾಚಿಯನ್ನ ಹೆಚ್ಚು ಇಟ್ಟುಕೊಂಡು ಮುಂದಿನ ಬ್ಯಾಸಿಗೆಗೆ ತಯಾರಾಗ್ತವೆ. ಅದಕ್ಕೂ ಖರ್ಚಿದೆ, ಅಂಥ ಪಾಚಿ ಕೊಡೋ ಸಕ್ಕರೆ ಕಡಿಮೆ, ಹವಳ ನಿಧಾನ ಬೆಳೀತದೆ. ಬಿಸಿ ಇಳೀಲಿಲ್ಲ ಅಂದ್ರೆ ಹುಳ ಸಾಯ್ತದೆ, ಸುಣ್ಣದ ಗೂಡಿನ ಮೇಲೆ ಹಸಿರು ಪಾಚಿ ಹಾಸ್ತದೆ.

ಒಂದು ನೆರೆಯನ್ನ ತಡೀಬಹುದು

2019ರ ಆಗಸ್ಟ್ ನೆನಪಿಸಿಕೊಳ್ರಿ. ಮಲಪ್ರಭಾ ಉಕ್ಕಿ ಪಟ್ಟದಕಲ್ಲು ಗುಡಿಗಳ ಅಂಗಳಕ್ಕೆ ನೀರು ಬಂತು. ಐಹೊಳೆ, ಬಾದಾಮಿ-ಹುನಗುಂದ ತಾಲ್ಲೂಕಿನ ನದಿ ದಂಡೆಯ ಊರುಗಳು, ಆ ಕಡೆ ಕೃಷ್ಣಾ, ಘಟಪ್ರಭಾ ದಂಡೆಯ ಊರುಗಳು ನೀರೊಳಗೆ ನಿಂತವು. ಅದಕ್ಕೂ ಹತ್ತು ವರ್ಷ ಮುಂಚೆ, 2009ರ ಸೆಪ್ಟೆಂಬರ್ ಕೊನೆ-ಅಕ್ಟೋಬರ್ ಮೊದಲ ವಾರದ ಮಳೆಗೆ ಉತ್ತರ ಕರ್ನಾಟಕವೇ ತತ್ತರಿಸಿತ್ತು. ಆ ಹತ್ತು ವರ್ಷದ ನಡುವೆ ಜನ ಮನೆ ಕಟ್ಟಿಕೊಂಡಿದ್ದರು, ಸಾಲ ತೀರಿಸಿಕೊಂಡಿದ್ದರು, ಅಂಗಡಿಗೆ ಮತ್ತೆ ಮಾಲು ತುಂಬಿದ್ದರು. ಅದೇ ನೆರೆ ಎರಡು ವರ್ಷಕ್ಕೊಮ್ಮೆ ಬಂದಿದ್ದರೆ? ಇನ್ನೂ ಕೊಡೋ ಸಾಲ ಇರೋವಾಗಲೇ ಮತ್ತೆ ನೀರು.

ಹವಳದ ಲೆಕ್ಕವೂ ಇದೇ. ಬಿರುಗಾಳಿ, ಚಂಡಮಾರುತ ಹವಳಕ್ಕೆ ಹೊಸದಲ್ಲ. ಕೊಂಬೆ ಕೊಂಬೆಯಾಗಿ ಬೆಳೆಯೋ ಜಾತಿಗಳು ಮುರಿದು ಬೀಳ್ತವೆ, ಕೆಲವು ತುಂಡು ಬಿದ್ದಲ್ಲೇ ಅಂಟಿಕೊಂಡು ಮತ್ತೆ ಬೆಳೀತವೆ, ಕಬ್ಬಿನ ತುಂಡು ಊರಿದಂಗೆ. ಇವು ವರ್ಷಕ್ಕೆ 10 ಸೆಂ.ಮೀ. ತನಕ ಬೆಳೀತವೆ. ಗುಂಡು ಕಲ್ಲಿನಂಥ ಜಾತಿಗಳು ವರ್ಷಕ್ಕೆ ಒಂದು ಸೆಂ.ಮೀ. ಆಸುಪಾಸು ಮಾತ್ರ, ಆದ್ರೆ ಅಲೆಗೆ ಜಗ್ಗೋದಿಲ್ಲ. ಎರಡೂ ಥರದವು ಇದ್ದರೆ ದಿಬ್ಬ ಉಳೀತದೆ. ಮೆಕ್ಕೆಜೋಳಕ್ಕೆ ಸೈನಿಕ ಹುಳು ಬಿದ್ದಂಗೆ ಹವಳ ತಿನ್ನೋ ಮುಳ್ಳಿನ ನಕ್ಷತ್ರ ಮೀನುಗಳೂ ಇವೆ. ಹಿಂಡಾಗಿ ಬಂದರೆ ದಿಬ್ಬ ಬೋಳು ಮಾಡಿ ಹೋಗ್ತವೆ. ಅದರಿಂದಲೂ ಹವಳ ಎದ್ದಿದೆ.

ಏಳಲಾಗದ ಪೆಟ್ಟು ಪ್ರಕೃತಿಯಿಂದಲೂ ಬರ್ತದೆ. 2004ರ ಡಿಸೆಂಬರ್ 26ರ ಭೂಕಂಪಕ್ಕೆ ಉತ್ತರ ಅಂಡಮಾನಿನ ಪಶ್ಚಿಮದ ದಂಡೆ ಮೇಲಕ್ಕೆ ಎದ್ದುಬಿಟ್ಟಿತು. ನೀರೊಳಗಿದ್ದ ಹವಳ ಬಿಸಿಲಿಗೆ ಬಿದ್ದು ಒಣಗಿ ಸತ್ತಿತು. ನಿಕೋಬಾರ್ ಕಡೆ ಉಲ್ಟಾ, ನೆಲವೇ ಕೆಳಗೆ ಕುಸೀತು.

ಎದ್ದು ನಿಂತದ್ದಕ್ಕೆ ಒಳ್ಳೆ ಉದಾಹರಣೆ ಆಸ್ಟ್ರೇಲಿಯಾದ ಪಶ್ಚಿಮಕ್ಕಿರೋ ಸ್ಕಾಟ್ ರೀಫ್. ಇದೂ ನೇತ್ರಾಣಿಯಂಗೆ ಒಂಟಿ. 1998ರ ಬಿಸಿಗೆ ಅಲ್ಲಿ ಜೀವಂತ ಹವಳ ಶೇ 9ಕ್ಕೆ ಇಳಿದಿತ್ತು. ಅಕ್ಕಪಕ್ಕ ಬೇರೆ ದಿಬ್ಬ ಇಲ್ಲ, ಹೊರಗಿನಿಂದ ಮರಿ ತೇಲಿ ಬರೋ ಆಸೆಯೂ ಇಲ್ಲ. ಆದರೂ 12 ವರ್ಷದಲ್ಲಿ ಶೇ 44ಕ್ಕೆ ಏರಿತು. ಉಳಿದ ಹವಳಗಳೇ ಮರಿ ಹಾಕಿದವು. ಅಲ್ಲಿ ನೀರು ಶುದ್ಧ ಇತ್ತು, ಪಾಚಿ ಮೇಯೋ ಮೀನುಗಳನ್ನ ಯಾರೂ ಹಿಡಿದು ಖಾಲಿ ಮಾಡಿರಲಿಲ್ಲ. ಈ ಎರಡನೇ ಮಾತು ಮುಖ್ಯ. ಹವಳದ ಮರಿ ಕೂರಲು ಸ್ವಚ್ಛ ಗಟ್ಟಿ ನೆಲ ಬೇಕು. ಗಿಳಿ ಮೀನಿನಂಥವು ದಿನವಿಡೀ ಪಾಚಿ ಕೆರೆದು ತಿಂದು ಆ ನೆಲ ಹಸನು ಮಾಡಿಡ್ತವೆ. ಮೀನು ಹೋದರೆ ಹೊಲದ ತುಂಬಾ ಕಳೆ.

ಎರಡು ಪೆಟ್ಟಿನ ನಡುವಿನ ಬಿಡುವು

ಇಷ್ಟು ಗಟ್ಟಿ ಇದ್ದ ಮೇಲೆ ಭಯ ಯಾಕೆ? ಬಿಡುವು ಸಿಗ್ತಿಲ್ಲ, ಅದಕ್ಕೆ. 1980ರ ದಶಕದ ಮೊದಲಲ್ಲಿ ಒಂದು ದಿಬ್ಬಕ್ಕೆ ತೀವ್ರ ಬ್ಲೀಚಿಂಗ್ ಅಂದ್ರೆ ಸರಾಸರಿ 25ರಿಂದ 30 ವರ್ಷಕ್ಕೊಮ್ಮೆ. 2016ರ ಹೊತ್ತಿಗೆ ಅದು 6 ವರ್ಷಕ್ಕೊಮ್ಮೆ ಆಗಿತ್ತು. ಬೇಗ ಬೆಳೆಯೋ ಹವಳಕ್ಕೂ ಚೇತರಿಸಿಕೊಳ್ಳಲು ಹತ್ತು-ಹದಿನೈದು ವರ್ಷ ಬೇಕು. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ನೋಡ್ರಿ: 1998, 2002, ಆಮೇಲೆ 2016, 2017, 2020, 2022, 2024. ಕೊನೆಯ ಐದರ ನಡುವೆ ಉಸಿರಾಡಲೂ ಪುರಸೊತ್ತಿಲ್ಲ. ಜಗತ್ತಿನ ನಾಲ್ಕನೇ ಜಾಗತಿಕ ಬ್ಲೀಚಿಂಗ್ ಶುರುವಾಗಿದೆ ಅಂತ 2024ರ ಏಪ್ರಿಲ್‌ನಲ್ಲಿ ಘೋಷಣೆ ಆಯ್ತು. ಅದರಲ್ಲಿ ಲೋಕದ ಹವಳ ಪ್ರದೇಶದ ಶೇ 80ಕ್ಕೂ ಹೆಚ್ಚು ಭಾಗಕ್ಕೆ ಬಿಸಿ ತಟ್ಟಿದೆ.

ನಮ್ಮ ಮಂಗಳೂರಿನಿಂದ ಸಾಮಾನು ಹೋಗುವ ಲಕ್ಷದ್ವೀಪದಲ್ಲಿ 1998, 2010, 2016 ಹೀಗೆ ಮೂರು ದೊಡ್ಡ ಪೆಟ್ಟು ಬಿದ್ದವು. ಅಲ್ಲಿ 24 ವರ್ಷ ಬಿಡದೆ ಅಳೆದ ಸಂಶೋಧಕರ ಪ್ರಕಾರ 1998ರಲ್ಲಿ ಶೇ 37ರಷ್ಟಿದ್ದ ಜೀವಂತ ಹವಳ 2022ರ ಹೊತ್ತಿಗೆ ಶೇ 19-20ರ ಆಸುಪಾಸಿಗೆ ಇಳಿದಿದೆ. ಒಂದೇ ಪೆಟ್ಟಿಗೆ ಅರ್ಧ ಆದದ್ದಲ್ಲ. ಪ್ರತಿ ಸಲ ಸ್ವಲ್ಪ ಏಳೋದು, ಪೂರ್ತಿ ಏಳೋದರೊಳಗೆ ಮತ್ತೆ ಬೀಳೋದು. ಆ ದ್ವೀಪಗಳು ನಿಂತಿರೋದೇ ಹವಳದ ಮೇಲೆ. ಅಲೆಯ ಹೊಡೆತದ ಬಹುಪಾಲನ್ನ ದಿಬ್ಬವೇ ನುಂಗಿಕೊಳ್ತದೆ. ಅಲ್ಲಿನವರಿಗೆ ಇದು ಮನೆಯ ಗ್ವಾಡಿ ಪ್ರಶ್ನೆ.

ನೆರೆ ಬೇರೆ, ಹಿನ್ನೀರು ಬೇರೆ, ಇದನ್ನ ಬಾಗಲಕೋಟೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನೆರೆ ಬಂದು ಹೋಗ್ತದೆ. ಆಲಮಟ್ಟಿ ಹಿನ್ನೀರು ಬಂದು ನಿಂತಿತು, ಹಳೇ ಬಾಗಲಕೋಟೆಯ ಒಂದು ಭಾಗ ಹೋಯ್ತು, ನವನಗರ ಹುಟ್ಟಿತು. 519.60 ಮೀಟರ್‌ನಿಂದ 524.256ಕ್ಕೆ ಏರೋ ಮಾತಿನಲ್ಲಿ ಇನ್ನೂ ಎಷ್ಟೋ ಜನರ ಜೀವ ಹಿಡಕೊಂಡಿದೆ. ಸಮುದ್ರಕ್ಕೆ ಬಿಸಿ ಏರೋದು ನನಗೆ ಹಿನ್ನೀರಿನ ಥರ ಕಾಣ್ತದೆ, ನೆರೆಯ ಥರ ಅಲ್ಲ.

ರಾಮೇಶ್ವರಕ್ಕೆ ಹೋದವರು ಕಂಡ ಗ್ವಾಡಿ

ನಮ್ಮ ಕಡೆಯಿಂದ ಕಾಶಿ-ರಾಮೇಶ್ವರ ಮಾಡಿದವರು ಧನುಷ್ಕೋಡಿಗೂ ಹೋಗಿರ್ತಾರೆ. 1964ರ ಡಿಸೆಂಬರ್ ಚಂಡಮಾರುತಕ್ಕೆ ಹಾಳಾದ ಊರು. ಅಲ್ಲಿ ಮಾಳಿಗೆ ಇಲ್ಲದ ಚರ್ಚ್ ಒಂದು ನಿಂತಿದೆ. ಅದರ ಗ್ವಾಡಿಗೆ ಕೈಯಾಡಿಸಿದವರಿಗೆ ಗೊತ್ತು, ಕಲ್ಲು ತೂತು ತೂತು. ಅದು ಹವಳದ ಕಲ್ಲು. ಆ ಸೀಮೆಯಲ್ಲಿ ಮನೆ ಕಟ್ಟೋದಕ್ಕೆ, ಸುಣ್ಣದ ಭಟ್ಟಿಗೆ, ಕಾರ್ಖಾನೆಗೆ ಎಲ್ಲದಕ್ಕೂ ಸಮುದ್ರದಿಂದ ಹವಳ ಅಗೆದು ತರ್ತಿದ್ದರು. ರಾಮೇಶ್ವರದಿಂದ ತೂತ್ತುಕುಡಿ ತನಕ ಮನ್ನಾರ್ ಕೊಲ್ಲಿಯಲ್ಲಿ 21 ದ್ವೀಪಗಳಿದ್ದವು, 1986ರಲ್ಲೇ ಅದನ್ನ ಸಾಗರ ರಾಷ್ಟ್ರೀಯ ಉದ್ಯಾನ ಮಾಡಿದ್ದರು. ಅಗೆತ ನಿಲ್ಲಲಿಲ್ಲ. ಮುಂದಿನ ದಿಬ್ಬ ಹೋದ ಮೇಲೆ ಅಲೆ ಸೀದಾ ದ್ವೀಪಕ್ಕೆ ಬಡೀತು. ಎರಡು ದ್ವೀಪ ನೀರೊಳಗೆ ಹೋದವು.

2001ರಲ್ಲಿ ದಿಬ್ಬ ಕಟ್ಟೋ ಹವಳಗಳನ್ನೆಲ್ಲ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪಟ್ಟಿಗೆ ಸೇರಿಸಿದರು, ಅಂದ್ರೆ ಹುಲಿ ಇರೋ ಪಟ್ಟಿಗೆ. ಸುನಾಮಿ ಆದ ಮೇಲೆ ದಂಡೆಯ ಜನರಿಗೂ ದಿಬ್ಬದ ಬೆಲೆ ತಿಳೀತು. 2005ರ ಹೊತ್ತಿಗೆ ಅಗೆತ ಬಹುತೇಕ ನಿಂತಿತು. ಆಮೇಲೆ ಏನಾಯ್ತು ಅನ್ನೋದೇ ಈ ಬರಹದಾಗ ನನಗೆ ಬಹಳ ಹಿಡಿಸಿದ ಭಾಗ. 2005ರಲ್ಲಿ ಸುಮಾರು ಶೇ 37ರಷ್ಟಿದ್ದ ಜೀವಂತ ಹವಳ 2009ಕ್ಕೆ ಶೇ 43ರ ಹತ್ತಿರ ಏರಿತು. 2010ರ ಬಿಸಿಗೆ ಶೇ 33ಕ್ಕೆ ಇಳಿದು, ಮತ್ತೆ ಶೇ 39ರ ತನಕ ಹತ್ತಿತು. 2016ರ ಬಿಸಿಗೆ ಶೇ 23ಕ್ಕೆ ಬಿತ್ತು. ಅಗೆಯೋ ಕೈ ನಿಲ್ಲಿಸಿದರೆ ಹವಳ ನಾಲ್ಕೈದು ವರ್ಷದಲ್ಲೇ ಏಳ್ತದೆ ಅಂತ ಈ ಅಂಕಿ ಹೇಳ್ತದೆ, ಬಿಸಿ ನಿಲ್ಲದಿದ್ದರೆ ಎದ್ದದ್ದೂ ಬೀಳ್ತದೆ ಅಂತಲೂ ಹೇಳ್ತದೆ. ತೂತ್ತುಕುಡಿಯ ಸಂಶೋಧಕರು ಸಿಮೆಂಟ್ ಹಲಗೆಗೆ ಹವಳದ ತುಂಡು ಕಟ್ಟಿ ಸಮುದ್ರದ ತಳದಲ್ಲಿ ಸಸಿ ನಾಟಿ ಮಾಡಿದಂಗೆ ಬೆಳೆಸ್ತಿದ್ದಾರೆ.

ನಮ್ಮ ಕಲ್ಲಿನೊಳಗಿನ ಸಮುದ್ರ

ಬಾಗಲಕೋಟೆ, ಕಲಾದಗಿ, ಲೋಕಾಪುರ ಸುತ್ತ ಸುಣ್ಣದ ಕಲ್ಲು ಯಾಕಿದೆ? ಒಂದು ಕಾಲಕ್ಕೆ ಇಲ್ಲಿ ಆಳ ಇಲ್ಲದ ಸಮುದ್ರ ಇತ್ತು. ನೂರು ಕೋಟಿ ವರ್ಷಕ್ಕೂ ಹಿಂದಿನ ಮಾತು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ಈ ಸೀಮೆಯ ಬಗ್ಗೆ ಬರೆದಾಗ ಈ ಶಿಲೆಗಳಿಗೆ ಕಲಾದಗಿಯ ಹೆಸರನ್ನೇ ಇಟ್ಟ. ಚಿಕ್ಕು, ದಾಳಿಂಬೆಗೆ ನಾವು ನೆನಪಿಸೋ ಊರನ್ನ ಭೂಗರ್ಭ ಓದಿದವರು ಕಲ್ಲಿಗೆ ನೆನಪಿಸ್ತಾರೆ.

ಈ ಕಲ್ಲಿನಲ್ಲಿ ಕೆಲವು ಕಡೆ ಉಳ್ಳಾಗಡ್ಡಿ ಹೋಳು ಮಾಡಿದಂಗೆ ಪದರ ಪದರ ಗುರುತು ಕಾಣ್ತವೆ. ಸ್ಟ್ರೊಮಾಟೊಲೈಟ್ ಅಂತ ಹೆಸರು. ಆಗಿನ್ನೂ ಹವಳ ಹುಟ್ಟಿರಲಿಲ್ಲ, ಮೀನೂ ಇರಲಿಲ್ಲ. ಬಿಸಿಲಲ್ಲಿ ಬೆಳೆಯೋ ಸೂಕ್ಷ್ಮ ಜೀವಿಗಳು ಸುಣ್ಣವನ್ನ ಪದರವಾಗಿ ಹಿಡಿದಿಟ್ಟು ಕಟ್ಟಿದ ದಿಬ್ಬಗಳು ಇವು. ಹವಳಕ್ಕಿಂತ ಬಹಳ ಹಿಂದಿನ ದಿಬ್ಬ ಕಟ್ಟೋ ಗೌಂಡಿಗಳು ಅನ್ನಬಹುದು. ಮಾಳಿಗೆ ಕಟ್ಟೋರು, ಕ್ವಾರಿ ನಡೆಸೋರು ಇಂಥ ಕಲ್ಲನ್ನ ಎಷ್ಟೋ ಸಲ ಕಂಡಿರ್ತಾರೆ.

ಇದೇ ಸುಣ್ಣದ ಕಲ್ಲಿನಿಂದ ನಮ್ಮ ಜಿಲ್ಲೆಯಲ್ಲಿ ಸಿಮೆಂಟ್ ಆಗ್ತದೆ. ಸುಣ್ಣದ ಕಲ್ಲನ್ನ ಸುಟ್ಟರೆ ಅದರ ತೂಕದ ನೂರರಲ್ಲಿ 44 ಭಾಗ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗ್ತದೆ, ಸುಡೋ ಕಲ್ಲಿದ್ದಲಿನ ಹೊಗೆ ಬೇರೆ. ಜಗತ್ತಿನ ಇಂಗಾಲದ ಹೊಗೆಯಲ್ಲಿ ಸಿಮೆಂಟಿನ ಪಾಲು ಶೇ 7-8ರಷ್ಟು. ಹಂಗಂತ ಮನೆ ಕಟ್ಟಬ್ಯಾಡ್ರಿ ಅಂತ ಹೇಳೋದು ನನ್ನ ಕೆಲಸ ಅಲ್ಲ, ನೆರೆಗೆ ಮನೆ ಕಳಕೊಂಡವರಿಗೆ ಹಂಗೆ ಹೇಳೋ ಬಾಯಿಯೂ ಇಲ್ಲ. ಆದರೆ ಭೂಮಿಗೆ ಹೆಚ್ಚಾದ ಬಿಸಿಯಲ್ಲಿ ಶೇ 90ರಷ್ಟನ್ನ ಸಮುದ್ರವೇ ಹೀರಿಕೊಂಡಿದೆ. ಹೊಗೆಯಲ್ಲಿ ಸುಮಾರು ಕಾಲು ಭಾಗವೂ ನೀರಲ್ಲೇ ಕರಗ್ತದೆ, ಅದರಿಂದ ನೀರಿನ ಕ್ಷಾರ ಗುಣ ಇಳಿದು ಹವಳಕ್ಕೆ ಸುಣ್ಣ ಕಟ್ಟೋದೇ ಕಷ್ಟ ಆಗ್ತಿದೆ. ಒಂದು ಸಮುದ್ರದ ಹಳೇ ಸುಣ್ಣ ಸುಟ್ಟದ್ದು ಇನ್ನೊಂದು ಸಮುದ್ರದ ಹೊಸ ಸುಣ್ಣಕ್ಕೆ ತಟ್ಟುತ್ತದೆ.

ನೇತ್ರಾಣಿಗೆ ಮತ್ತೆ ಬರೋಣ

ನೇತ್ರಾಣಿಗೆ ಬಿಸಿಯ ಜೊತೆ ತನ್ನದೇ ಕಷ್ಟಗಳಿವೆ. ನೌಕಾಪಡೆ ಈ ನಡುಗಡ್ಡೆಯನ್ನ ಗುರಿ ಅಭ್ಯಾಸಕ್ಕೆ ಬಳಸಿಕೊಂಡು ಬಂದಿತ್ತು. ಅಲ್ಲಿ ಶೆಲ್ ಚೂರುಗಳು ಸಿಕ್ಕಿದ್ದವು, ಪರಿಸರದವರು ವಿರೋಧ ಮಾಡಿದ್ದರು. ಬಿಳಿ ಹೊಟ್ಟೆಯ ಕಡಲ ಹದ್ದು ಗೂಡು ಕಟ್ಟೋ ಜಾಗ ಅದು. ಅದರ ಮೇಲೆ ಹರಿದ ಬಲೆ, ಪ್ಲಾಸ್ಟಿಕ್, ಎಲ್ಲೆಂದರಲ್ಲಿ ಬಿಡೋ ಲಂಗರು. ಒಂದು ಲಂಗರು ಎಳೆದಾಡಿದರೆ ಇಪ್ಪತ್ತು-ಮೂವತ್ತು ವರ್ಷ ಬೆಳೆದ ಗುಂಡು ಹವಳ ಒಡೀತದೆ. ಒಂದೇ ಕಡೆ ಗೂಟ ಹಾಕಿ, ತೇಲುವ ಬಾಯ್‌ಗೆ ಬೋಟ್ ಕಟ್ಟಿದರೆ ಈ ತೊಂದರೆ ಇಲ್ಲ.

ಮಳೆಗಾಲ ಮಾತ್ರ ಅದಕ್ಕೆ ರಜೆ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಂತ್ರದ ದೋಣಿಗಳ ಮೀನುಗಾರಿಕೆಗೆ ನಿಷೇಧ, ಡೈವಿಂಗೂ ಬಂದ್. ಮಳೆ ಮುಗಿದು ಸಮುದ್ರ ಶಾಂತ ಆದ ಮೇಲೆ ಮತ್ತೆ ಶುರು, ಮೇ ತನಕ.

ಡೈವಿಂಗ್ ಬಂದ್ ಮಾಡಬೇಕು ಅಂತ ನಾನು ಹೇಳೋದಿಲ್ಲ. ಕಂಡವರೇ ಕಾಳಜಿ ಮಾಡ್ತಾರೆ. ಇಳಿಯೋರಿಗೆ ಇಷ್ಟೇ: ಹವಳ ಮುಟ್ಟಬಾರದು, ಕಾಲಿನ ರೆಕ್ಕೆ ತಾಗಬಾರದು, ಹವಳಕ್ಕೆ ಹಿಡಕೊಂಡು ಫೋಟೋ ಬೇಡ. ಸನ್‌ಸ್ಕ್ರೀನ್ ಬಳಕೊಂಡು ಇಳಿಯೋ ಬದಲು ತುಂಬುತೋಳಿನ ಅಂಗಿ ಹಾಕಿದರೆ ಸಾಕು.

ಅಂಗಡಿಯವರಿಗೆ ಒಂದು ಮಾತು. ದಂಡೆ ಊರುಗಳಲ್ಲಿ, ಕೆಲವು ಸಲ ಜಾತ್ರೆಯಲ್ಲೂ ಬಿಳಿ ಹವಳದ ಗೊಂಚಲು, ಬೀಸಣಿಕೆಯಂಥ ‘ಸಮುದ್ರದ ಗಿಡ’ ಶೋಕೇಸಿಗೆ ಅಂತ ಮಾರ್ತಾರೆ. ಮೀನಿನ ತೊಟ್ಟಿಗೆ ಹಾಕೋಕೂ ತರ್ತಾರೆ. ತಗೊಳ್ಳೋದು, ಮಾರೋದು, ಅಂಗಡಿಯಲ್ಲಿ ಇಟ್ಟುಕೊಳ್ಳೋದು ಮೂರೂ ಅಪರಾಧ. ಒಂದನೇ ಪಟ್ಟಿಯ ಪ್ರಾಣಿ ಅಂದ್ರೆ ಶಿಕ್ಷೆ 3ರಿಂದ 7 ವರ್ಷ ಜೈಲು, ಮೇಲೆ ದಂಡ. ‘ಸತ್ತಿರೋ ಹವಳ ಸಾಹೇಬ್ರ’ ಅಂದ್ರೆ ಕಾಯ್ದೆ ಕೇಳೋದಿಲ್ಲ. ಕೆಲವು ಜಾತಿಯ ಶಂಖ, ಚಿಪ್ಪುಗಳಿಗೂ ಇದೇ ಕಾಯ್ದೆ.

ಇನ್ನು ಸರಾಫ ಅಂಗಡಿಯ ಕೆಂಪು ಹವಳ, ಮಂಗಳ ಗ್ರಹಕ್ಕೆ ಉಂಗುರ ಮಾಡಿಸೋದು, ಅದು ಬೇರೆ. ಹೆಸರು ಒಂದೇ ಆದರೂ ಅದು ದಿಬ್ಬ ಕಟ್ಟೋ ಜಾತಿ ಅಲ್ಲ, ಹೆಸರುವಾಸಿ ಮಾಲು ಮೆಡಿಟರೇನಿಯನ್ ಸಮುದ್ರದ್ದು. ಅದೂ ಬಹಳ ನಿಧಾನ ಬೆಳೆಯೋದು, ಅಲ್ಲೂ ಶತಮಾನಗಟ್ಟಲೆ ಕಿತ್ತು ಕಿತ್ತು ಕಡಿಮೆ ಆಗಿದೆ. ಅದಕ್ಕೇ ಬಣ್ಣ ಹಚ್ಚಿದ ನಕಲಿ ಮಾಲು ಇಷ್ಟು ಓಡಾಡ್ತಿರೋದು. ಬಿಲ್ ಇಲ್ಲದೆ ತಗೊಳ್ಳಬ್ಯಾಡ್ರಿ.